ಶುಕ್ರವಾರದ ಹೊಸ್ತಿಲು

ಸುರಪುರದ ನಮ್ಮ ಮನೆಯ ಹೊಸ್ತಿಲು ಬಹಳ ಎತ್ತರವಿತ್ತು. ಓಣಿ ಗುಡ್ಡದ ಇಳಿಜಾರಿಗಿತ್ತು. ಮಳೆ ಬಿದ್ದರೆ ಮೇಲಿನ ನೀರೆಲ್ಲ ಒಳಗೆ ನುಗ್ಗಬಾರದೆಂದು ಯಾರೋ ಹಿರಿಯರು ಬೇವಿನ ತೊಲೆಯೊಂದನ್ನು ಬಾಗಿಲಿಗೆ ಹಾಗೇ ಅಡ್ಡ ಮಲಗಿಸಿದ್ದರು. ಸಣ್ಣ ಮಕ್ಕಳು ಅದರ ಮೇಲೆ ಹತ್ತಿ ಕುಳಿತು ಆಮೇಲೆ ಆಚೆಗೆ ಇಳಿಯಬೇಕು. ಕುಳಿತರೆ ಅಜ್ಜಿ ಬೈಯುತ್ತಿದ್ದಳು, ಕೂಡದೆ ದಾಟುವುದು ನಮ್ಮಿಂದ ಆಗುತ್ತಿರಲಿಲ್ಲ. ಹೀಗಾಗಿ ನಾನು ಹುಟ್ಟಿ ತಿಂದ ಮೊದಲ ಬೈಗುಳಗಳೆಲ್ಲ ಆ ಹೊಸ್ತಿಲ ಮೇಲೆ ತಿಂದವೇ. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಆಚೆ ಅಡಿಗೆ ಮನೆ, ಅದರ ಹಿಂದೆ ಬಚ್ಚಲು. ಮಣ್ಣಿನ ಮಾಳಿಗೆಗೆ ಒಂದೇ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಗೋಡೆ ಬಿಟ್ಟು ನೆಲಕ್ಕೆ ಬಂದು ಬೀಸುಕಲ್ಲಿನ ಹತ್ತಿರ ಸರಿಯುವಷ್ಟರಲ್ಲಿ ಅವ್ವ ರೊಟ್ಟಿ ಮುಗಿಸಿ, ಸೀರೆ ಬದಲಿಸಿ, ತಮ್ಮ ಬಸೂನಿಗೆ ಹಾಲು ಕುಡಿಸಿ ಸಾಲೆಗೆ ಹೊರಟಿರಬೇಕು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಮೋಡ ಕವಿದ ದಿನ ಅವ್ವ ಒಂದೋ ಬಹಳ ಬೇಗ ಹೋಗುತ್ತಿದ್ದಳು, ಇಲ್ಲವೇ ಓಡುತ್ತ ಹೋಗುತ್ತಿದ್ದಳು.

ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು, ಅಂದಿನಿಂದ ಅಜ್ಜಿ ಕುಂಕುಮ ಮುಟ್ಟಿದವಳಲ್ಲ. ಹಚ್ಚಿಕೊಳ್ಳುವುದಿರಲಿ, ಕುಂಕುಮದ ಭರಣಿ ಕಾಲಿಗೆ ಅಡ್ಡ ಬಂದರೆ ಸೆರಗನ್ನು ಕೈಗೆ ಸುತ್ತಿಕೊಂಡು ಸರಿಸುತ್ತಿದ್ದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ, ತನಗೆ ತಾನೇ ಹಾಕಿಕೊಂಡ ಕಟ್ಟು. ನಮಗೆ ಹಾಕಿದ ಕಟ್ಟು ಬೇರೆ. ಶುಕ್ರವಾರ ಲಕ್ಷ್ಮಿಯ ದಿನ. ಬೆಳಿಗ್ಗೆ ಮನೆಯೆಲ್ಲ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಹೊಸ್ತಿಲು ತೊಳೆದು, ಅರಿಷಿಣ ಬಳಿದು ಕುಂಕುಮ ಇಡಬೇಕು. ಹಾಗೆ ಪೂಜೆ ಮಾಡಿದವಳು ಸಂಜೆ ದೀಪ ಹಚ್ಚುವ ತನಕ ಆ ಹೊಸ್ತಿಲು ದಾಟಬಾರದು, ದಾಟಿದರೆ ಲಕ್ಷ್ಮಿಯೂ ಅವಳ ಹಿಂದೆಯೇ ಹೊರಟು ಹೋಗುತ್ತಾಳೆ. ಓಣಿಯ ಬೇರೆ ಮನೆಗಳಲ್ಲಿ ಇಷ್ಟು ಬಿಗಿ ಇರಲಿಲ್ಲ. ಹೊಸ್ತಿಲ ಪೂಜೆಗೆ ಗಂಡಸರು ಕೈ ಹಚ್ಚುವುದಂತೂ ಯಾವ ಮನೆಯಲ್ಲೂ ಇರಲಿಲ್ಲ. ಅಜ್ಜಿ ವಿಧವೆ, ನಾನು ಚಿಕ್ಕವಳು, ಹಾಗಾಗಿ ಆ ಕೆಲಸ ಅವ್ವನ ಕೈಗೇ ಬಂದಿತ್ತು.

ಅವ್ವ ಯಾದಗಿರಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವಳು. ಆ ಮಾವನಿಗೆ ಹೆಣ್ಣುಮಕ್ಕಳನ್ನು ಓದಿಸುವ ಹುಚ್ಚಿತ್ತು. ತನಗೆ ಹೆಣ್ಣುಮಕ್ಕಳಿಲ್ಲದ್ದರಿಂದ ತಂಗಿಯ ಮಗಳನ್ನು ಓದಿಸಿದ. ಮದುವೆಯಾಗಿ ಸುರಪುರಕ್ಕೆ ಬಂದ ಮೇಲೆ ಆ ಓದು ಟ್ರಂಕಿನಲ್ಲಿಟ್ಟ ರೇಶಿಮೆ ಸೀರೆಯ ಹಾಗೆ ಇದ್ದಲ್ಲಿಯೇ ಇತ್ತು. ಊರಿನ ಹೆಣ್ಣುಮಕ್ಕಳ ಸಾಲೆಗೆ ಕಲಿಸುವವರು ಸಿಗದೆ ಯಾರೋ ಬಂದು ಕೇಳಿದಾಗ ಅಪ್ಪ ಹೂಂ ಅಂದರು. ಅಜ್ಜಿ ಒಂದು ದಿನ ಪೂರ್ತಿ ಮಾತಾಡದೆ ಕುಳಿತು, ಮರುದಿನ ಕರಾರು ಹೇಳಿದಳು. ಆ ಮಾತನ್ನು ಅವ್ವ ಮುಂದೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದು ಕೇಳಿದ ಹಾಗೆ ಅನ್ನಿಸುತ್ತದೆ.

"ಉಳದ ದಿನ ಸರಕಾರದ ಸೊಸಿ ಆಗು, ನಾ ಬ್ಯಾಡ ಅನ್ನಂಗಿಲ್ಲ. ಶುಕ್ರವಾರ ಮಾತ್ರ ನನ್ನ ಸೊಸಿ. ಅವತ್ತ ಹೊಸ್ತಿಲ ದಾಟಂಗಿಲ್ಲ."

"ಶುಕ್ರವಾರ ಹೆಂಗೂ ಸಾಲಿಗೆ ಸೂಟಿನ ಐತ್ರಿ, ಅತ್ತಿ."

ಆಗ ನಮ್ಮ ಕಡೆ ಇನ್ನೂ ನಿಜಾಮರ ಆಳಿಕೆ. ಕಚೇರಿ, ಸಾಲೆ ಎಲ್ಲಕ್ಕೂ ವಾರದ ಸೂಟಿ ಶುಕ್ರವಾರವೇ. ಊರಿನ ಮಸೀದಿಗೆ ಜುಮ್ಮಾ, ನಮ್ಮ ಮನೆಗೆ ಲಕ್ಷ್ಮಿ, ಇಬ್ಬರಿಗೂ ಹೊಂದುವ ಸೂಟಿ. ಹೀಗಾಗಿ ಅತ್ತೆ ಸೊಸೆಯರ ಆ ಕರಾರು ಜಗಳವಿಲ್ಲದೆ ನಡೆಯಿತು. ಸರಕಾರವೇ ಬದಲಾದೀತು ಎಂದು ಇಬ್ಬರೂ ಎಣಿಸಿರಲಿಲ್ಲ.

ಅವ್ವನ ದಿನ ಹೇಗಿತ್ತೆಂದು ಹೇಳುತ್ತೇನೆ. ಕೋಳಿ ಕೂಗುವ ಮೊದಲೇ ಎದ್ದು ಬೀಸುತ್ತಿದ್ದಳು. ಆಮೇಲೆ ಒಲೆ, ರೊಟ್ಟಿ, ಪುಂಡಿಪಲ್ಯ, ಬಾವಿಯ ನೀರು. ರೊಟ್ಟಿ ಬಡಿದ ಕೈಯ ಹಿಟ್ಟು ಬೆರಳ ಸಂದಿಯಲ್ಲಿ ಇನ್ನೂ ಇರುವಾಗಲೇ ಸಾಲೆಗೆ ಹೋಗಿ ಬಳಪ ಹಿಡಿಯುತ್ತಿದ್ದಳು. ಅವಳ ಕೈ ನನಗೆ ನೆನಪಾಗುವುದು ಬಿಳಿಯಾಗಿಯೇ, ಅದು ಹಿಟ್ಟೋ ಬಳಪವೋ ಹೇಳಲಾರೆ. ನಡುವೆ ಬಿಡುವಿನಲ್ಲಿ ಸಾಲೆಯ ಆಯಾ ಹುಸೇನಬಿ ನಮ್ಮ ಮನೆಗೆ ಬಂದು ಬಸೂನನ್ನು ಎತ್ತಿಕೊಂಡು ಹೋಗುವಳು, ಅವ್ವ ಸಾಲೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಅವನಿಗೆ ಹಾಲು ಕೊಡುವಳು, ಹುಸೇನಬಿ ಮತ್ತೆ ಅವನನ್ನು ತಂದು ಅಜ್ಜಿಯ ತೊಡೆಯ ಮೇಲೆ ಹಾಕಿ ಹೋಗುವಳು. ಉಳಿದ ಹೊತ್ತೆಲ್ಲ ಅವನನ್ನು ನೋಡಿಕೊಂಡವಳು ಅಜ್ಜಿಯೇ. ಅಜ್ಜಿಯನ್ನು ಬೈದು ಬರೆಯುವುದು ಸುಲಭ, ಆದರೆ ಅವಳಿಲ್ಲದಿದ್ದರೆ ಅವ್ವನ ನೌಕರಿ ಒಂದು ವಾರವೂ ನಡೆಯುತ್ತಿರಲಿಲ್ಲ.

ಸಾಲೆಯಲ್ಲಿ ನನಗೊಂದು ನಿಯಮವಿತ್ತು. ನಾನು ಅಲ್ಲಿ ಅವಳನ್ನು ಅವ್ವ ಎನ್ನಬಾರದು, ಎಲ್ಲರ ಹಾಗೆ ಅಕ್ಕಾರೆ ಎನ್ನಬೇಕು. ಮೊದಮೊದಲು ಬಾಯಿ ತಪ್ಪಿ ಅವ್ವಾ ಎಂದರೆ ಅವಳು ಕೇಳಿಸದವಳ ಹಾಗೆ ಹಲಗೆಯ ಕಡೆ ತಿರುಗುತ್ತಿದ್ದಳು. ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಮನೆಯಲ್ಲಾದರೂ ಅವ್ವ ಸಿಗುತ್ತಿದ್ದಳೇ ಎಂದರೆ ಅದೂ ಇಲ್ಲ. ಸಂಜೆ ಬಂದವಳು ಸೀದಾ ಒಲೆಯ ಮುಂದೆ. ಲೆಕ್ಕ ಹೇಳಿಕೊಡು ಎಂದು ಹೋಗಿ ಕುಳಿತರೆ "ಏಳಕ್ಕ ಎಂಟ ಕೂಡಿದ್ರ" ಎಂದು ಅರ್ಧಕ್ಕೆ ನಿಲ್ಲಿಸಿ ಕಣ್ಣು ಮುಚ್ಚಿ ಬಿಡುತ್ತಿದ್ದಳು. ನಿದ್ದೆಯಲ್ಲ, ಬರಿ ಕಣ್ಣು ಮುಚ್ಚುವುದು. ನಾನು ಉತ್ತರ ಹೇಳಿದರೂ ಅವಳಿಗೆ ಕೇಳುತ್ತಿರಲಿಲ್ಲ.

ನಮಗೆ ಅವ್ವ ಸಿಗುತ್ತಿದ್ದದ್ದು ಶುಕ್ರವಾರ. ಕೆಲಸ ಅವತ್ತೇ ಹೆಚ್ಚು, ಆದರೆ ಅವಳು ಹೊರಗೆ ಹೋಗುವಂತಿಲ್ಲವಲ್ಲ. ಸೆಗಣಿ ಸಾರಿಸಿದ ನೆಲ ಆರುವಾಗಿನ ತಂಪು, ತಲೆಗೆ ಹಾಕಿಕೊಂಡು ಹರವಿದ ಅವಳ ಕೂದಲಿನ ಸೀಗೆಕಾಯಿ ವಾಸನೆ, ಹೊಸ್ತಿಲ ಮೇಲೆ ಹಸಿ ಅರಿಷಿಣ. ಮಧ್ಯಾಹ್ನ ಎಲ್ಲರೂ ಕೂಡಿ ಉಣ್ಣುತ್ತಿದ್ದೆವು. ಬಿಸಿ ರೊಟ್ಟಿ, ಕುಸುಬಿ ಎಣ್ಣೆ ಹಾಕಿದ ಶೇಂಗಾ ಹಿಂಡಿ, ಕೈಯಿಂದ ಗುದ್ದಿದ ಉಳ್ಳಾಗಡ್ಡಿ. ಉಂಡ ಮೇಲೆ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ನನ್ನ ಹೇನು ನೋಡುತ್ತಿದ್ದಳು. ಹೇನು ಇರಲಿ ಬಿಡಲಿ, ಅವಳ ಕೈ ತಲೆಯಲ್ಲಿ ಆಡುತ್ತಿರಲಿ ಎಂದು ನಾನು ಸುಮ್ಮನೆ ಕೆರೆದುಕೊಳ್ಳುತ್ತಿದ್ದೆ. ಕರಾರಿನಿಂದ ಅಜ್ಜಿಗೆ ಸಿಕ್ಕದ್ದಕ್ಕಿಂತ ಹೆಚ್ಚು ನನಗೆ ಸಿಕ್ಕಿತ್ತು.

ಗಲಾಟೆಯ ದಿನಗಳು ಮುಗಿದು, ನಿಜಾಮರ ಆಳಿಕೆ ಹೋಗಿ ಹೊಸ ಸರಕಾರ ಬಂದಾಗ ಓಣಿಯಲ್ಲಿ ಬೆಲ್ಲ ಹಂಚಿದರು. ನಾನೂ ತಿಂದೆ. ಆಮೇಲೆ ಒಂದೊಂದೇ ಬದಲಾಗುತ್ತ ಬಂತು. ಸರಕಾರಿ ಕಾಗದಗಳಲ್ಲಿ ತಿಂಗಳ ಹೆಸರುಗಳು ಬದಲಾದವು, ಸಾಲೆಯಲ್ಲಿ ಪಾಠ ಕನ್ನಡಕ್ಕೆ ಬಂತು, ಜಾಗೀರುಗಳು ಹೋದವು. ಅಪ್ಪ ವಡಗೇರಾದ ಕಡೆ ಒಂದು ಜಾಗೀರಿನ ಕಚೇರಿಯಲ್ಲಿ ಉರ್ದು ಕಾಗದಪತ್ರ ಬರೆಯುವ ಕಾರಕೂನರಾಗಿದ್ದರು. ಜಾಗೀರಿನ ಜೊತೆಗೆ ಕಚೇರಿಯೂ ಹೋಯಿತು. ಒಂದು ದಿನ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ಬೆಳಿಗ್ಗೆ ಎದ್ದು ಶೇರ್ವಾನಿ ಹಾಕಿಕೊಂಡು, ಗುಂಡಿಯೆಲ್ಲ ಹಾಕಿ, ಹಾಗೇ ಕೂಡುವರು. ಅಜ್ಜಿ ಬಂದವರಿಗೆಲ್ಲ "ನಮ್ಮಾಂವ ರಜೆ ಮ್ಯಾಲ ಬಂದಾನ" ಎನ್ನುವಳು. ಬಂದವರೂ ಹೌದೇನ್ರಿ ಎಂದು ಹೋಗುವರು. ಈಗ ಮನೆ ನಡೆಯುವುದು ಅವ್ವನ ನೌಕರಿಯ ಮೇಲೆ, ಅದೂ ಹಂಗಾಮಿ ನೌಕರಿ. ಸಾಲೆಯ ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೋಡಿ, ಸರಿಯಾಗಿದೆ ಎಂದು ಮೇಲೆ ಬರೆದರೆ ಖಾಯಂ ಆಗುವಂಥದು.

ಅಷ್ಟರಲ್ಲಿ ಸೂಟಿಯೂ ಬದಲಾಯಿತು. ಇನ್ನು ಮೇಲೆ ವಾರದ ಸೂಟಿ ರವಿವಾರ, ಶುಕ್ರವಾರ ಸಾಲೆ ತೆರೆದಿರುತ್ತದೆ ಎಂಬ ಹುಕುಂ ತಂದವಳು ಹುಸೇನಬಿ. ಹೊಸ್ತಿಲ ಆಚೆಯೇ ನಿಂತು ಹೇಳಿದಳು.

"ನಿಮ್ಮ ಲಕ್ಷ್ಮಿದೂ ನಮ್ಮ ಜುಮ್ಮಾದೂ ಒಂದ ಹುಕುಮಿನ್ಯಾಗ ಸೂಟಿ ರದ್ದ ಮಾಡ್ಯಾರ ನೋಡ್ರಿ, ಅಕ್ಕಾರ. ಕ್ಯಾ ಕರ್ನಾ. ಭೇದ ಮಾಡಿಲ್ಲ ಅಂತ ಖುಷಿ ಪಡೂಣ."

ಅವ್ವ ನಗಲಿಲ್ಲ. ಒಳಗೆ ಅಜ್ಜಿ ಬಸೂನನ್ನು ತಟ್ಟುತ್ತಿದ್ದ ಕೈ ನಿಲ್ಲಿಸಿದ್ದಳು. ಹುಸೇನಬಿ ಹೋದ ಮೇಲೆ ಅಜ್ಜಿ ಹೇಳಿದ್ದು ಒಂದೇ ಮಾತು.

"ಸರಕಾರ ತನ್ನ ವಾರ ಬದಲಿ ಮಾಡ್ಕೊಳ್ಳಲಿ. ಲಕ್ಷ್ಮಿ ಬದಲಿ ಮಾಡ್ಕೊಂಡಿಲ್ಲ."

ಆ ವಾರವೆಲ್ಲ ಮನೆಯಲ್ಲಿ ಜಗಳ. ಜಗಳವೆಂದರೆ ಕೂಗಾಟವಲ್ಲ, ಪಾತ್ರೆ ಇಡುವ ಸದ್ದಿನಲ್ಲಿ ತಿಳಿಯುವ ಜಗಳ. ರವಿವಾರ ಪೂಜೆ ಮಾಡುತ್ತೇನೆ ಎಂದಳು ಅವ್ವ, ಆಗದು ಎಂದಳು ಅಜ್ಜಿ. ಶುಕ್ರವಾರ ಸಾಲೆಯಿಂದ ಬಂದು ಸಂಜೆ ಮಾಡುತ್ತೇನೆ ಎಂದಳು. ಬೆಳಗಾದ ಮೇಲೆ ಒಣ ಹೊಸ್ತಿಲು ಇರಬಾರದು, ಆಗದು. ಪೂಜೆ ಮಾಡಿಯೇ ಹೋಗುತ್ತೇನೆ ಎಂದಳು. ಆಗ ಅಜ್ಜಿ ಅತ್ತಳು. ಮಗನ ನೌಕರಿ ಹೋಗಿದೆ, ಇರುವ ಲಕ್ಷ್ಮಿಯನ್ನೂ ಸೊಸೆ ಕೈಹಿಡಿದು ಹೊರಗೆ ಕರೆದೊಯ್ಯುತ್ತಾಳೆ ಎಂದು ಅತ್ತಳು. ಅವಳು ನಾಟಕ ಮಾಡುತ್ತಿರಲಿಲ್ಲ, ನಿಜವಾಗಿ ಹೆದರಿದ್ದಳು. ಅಪ್ಪ ಶೇರ್ವಾನಿ ಹಾಕಿಕೊಂಡು ಪಡಸಾಲೆಯಲ್ಲಿಯೇ ಕುಳಿತಿದ್ದರು. ಕೊನೆಗೆ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು.

"ಶರಣಿ ಮಾಡ್ಲಿ. ಕನ್ನಿಕಿ ಕೈ, ಲಕ್ಷ್ಮಿಗೆ ಬರ್ತೈತಿ."

"ಶರಣೀದೂ ಸಾಲಿ ಐತಲ್ರಿ."

"ನಿನ್ನದು ನೌಕರಿ, ಹೋದ್ರ ಬರಂಗಿಲ್ಲ. ಆಕೀದು ಸಾಲಿ, ಎಲ್ಲಿ ಹೋಗ್ತೈತಿ? ವಾರದಾಗ ಒಂದಿನ ಬಿಟ್ಟರ ಗುಡ್ಡ ಬೀಳಂಗಿಲ್ಲ."

ಅವ್ವ ನನ್ನನ್ನು ನೋಡಿದಳು. ಅವಳು ಬೇಡ ಎನ್ನುತ್ತಾಳೆಂದು ನಾನು ಕಾದೆ. ಅವಳು ಎದ್ದು ಒಲೆಗೆ ಕಟ್ಟಿಗೆ ಇಟ್ಟಳು. ಅಷ್ಟು ದಣಿದವರಿಗೆ ಬೇಡ ಎನ್ನುವ ಎರಡಕ್ಷರವೂ ಭಾರ ಎಂದು ಈಗ ನನಗೆ ಗೊತ್ತಿದೆ. ಆಗ ಗೊತ್ತಿರಲಿಲ್ಲ.

ಹಾಗೆ ನಾನು ನಮ್ಮ ಮನೆಯ ಶುಕ್ರವಾರದ ಸೊಸೆಯಾದೆ. ಅವ್ವ ಬೇಗ ಎದ್ದು ಎಲ್ಲ ಮುಗಿಸಿ, ಒಣ ಹೊಸ್ತಿಲನ್ನು ದಾಟಿ ಹೋದ ಮೇಲೆ ನಾನು ತೊಳೆಯಬೇಕು. ನಾನು ಎರಡು ಕೈ ಚಾಚಿದರೂ ತೊಲೆಯ ಉದ್ದ ಮುಗಿಯುತ್ತಿರಲಿಲ್ಲ. ಅರಿಷಿಣ ಬಳಿದು, ಕುಂಕುಮ ಇಟ್ಟು, ಸುಣ್ಣದ ಎಳೆ ಎಳೆದು ಕೈ ಮುಗಿಯುವಷ್ಟರಲ್ಲಿ ಸಾಲೆಯ ಗಂಟೆ ಹೊಡೆಯುತ್ತಿತ್ತು. ಸಾಲೆ ನಮ್ಮ ಓಣಿಯ ಮೇಲಕ್ಕೇ ಇತ್ತು, ಹುಡುಗಿಯರೆಲ್ಲ ನಮ್ಮ ಬಾಗಿಲ ಮುಂದಿನಿಂದಲೇ ಹತ್ತಿ ಹೋಗುತ್ತಿದ್ದರು. ನಾನು ಒಳಗೆ ನಿಂತು ಅವರನ್ನು ನೋಡುವುದು, ಅವರು ಹೊರಗೆ ನಿಂತು ನನ್ನನ್ನು ನೋಡುವುದು. ಗಾಳಿ ಈ ಕಡೆ ಬೀಸಿದರೆ ಮಗ್ಗಿ ಹೇಳುವ ಸದ್ದೂ ಕೇಳುತ್ತಿತ್ತು, ಎಲ್ಲರಿಗಿಂತ ಮೊದಲು ಅವ್ವನ ದನಿ, ಅದರ ಹಿಂದೆ ಹುಡುಗಿಯರದು. ಊರ ಹೆಣ್ಣುಮಕ್ಕಳಿಗೆಲ್ಲ ಓದು ಹೇಳುವವಳು ನನ್ನ ತಾಯಿ, ಅವಳ ಮಗಳು ಮಾತ್ರ ಹೊಸ್ತಿಲೊಳಗೆ. ಆ ಸಿಟ್ಟನ್ನು ಬಸೂನ ಮೇಲೆ ತೀರಿಸಿ ಅವನನ್ನು ಚಿವುಟುತ್ತಿದ್ದೆ. ಶುಕ್ರವಾರ ಕಲಿಸಿದ ಲೆಕ್ಕ ಶನಿವಾರ ನನಗೆ ಬರುತ್ತಿರಲಿಲ್ಲ. ನಾನು ತಪ್ಪು ಹೇಳಿದರೆ ಅವ್ವ ಬೈಯುತ್ತಲೂ ಇರಲಿಲ್ಲ, ಮುಂದಿನ ಹುಡುಗಿಗೆ ಕೇಳುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನೂ ಮುಂದೆ ಇದೇ ಕೆಲಸ ಮಾಡಿದೆ. ಯಾದಗಿರಿಯಲ್ಲಿ ನಿವೃತ್ತಳಾದ ದಿನ ಹಾರ ಹಾಕಿದವರು ನನ್ನನ್ನು ಮನೆ ಮತ್ತು ನೌಕರಿ ಎರಡನ್ನೂ ಸರಿದೂಗಿಸಿದವಳು ಎಂದು ಹೊಗಳಿದರು. ನನಗೆ ನಗು ಬಂತು. ತೂಗುವವರು ತಕ್ಕಡಿಯ ಹೊರಗೆ ನಿಂತರಲ್ಲವೇ ಸರಿದೂಗಿಸುವುದು. ಅವ್ವನ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಕುಳಿತವಳು ಅವಳೇ. ಒಂದರಲ್ಲಿ ಸ್ವಲ್ಪ ತೂಕ ಸಾಲದೆ ಹೋದದ್ದಕ್ಕೆ ನನ್ನನ್ನೂ ಎಳೆದು ಕೂಡಿಸಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಕಾಣಿಸಿತು. ಶುಕ್ರವಾರ ನಮ್ಮ ಬಾಗಿಲ ಮುಂದೆ ಹಾಯುವ ಹುಡುಗಿಯರು ಕಡಿಮೆಯಾದರು. ಮೊದಲು ಕುಂಬಾರ ಓಣಿಯವರು ಬರುವುದು ಬಿಟ್ಟರು, ಆಮೇಲೆ ಕೆಳಗಿನ ಬಾವಿಯ ಕಡೆಯವರು. ಹುಸೇನಬಿ ಮನೆ ಮನೆಗೆ ಹೋಗಿ ಕರೆದು ಬರಿಗೈಯಲ್ಲಿ ಬರುತ್ತಿದ್ದಳು. ಆಗ ಇನ್ಸ್‌ಪೆಕ್ಟರ್ ಸಾಹೇಬರು ಬರುವ ಸುದ್ದಿ ಬಂತು, ಬರುವುದು ಶುಕ್ರವಾರವೇ. ಖಾಲಿ ಸಾಲೆ ನೋಡಿದರೆ ಅವ್ವನನ್ನು ಖಾಯಂ ಮಾಡುವುದಿರಲಿ, ಇದ್ದ ನೌಕರಿಯನ್ನೂ ತೆಗೆದುಹಾಕುತ್ತಾರೆ. ಅದರ ಹಿಂದಿನ ರವಿವಾರ ಅವ್ವ ಸೂಟಿಯನ್ನು ಬಿಟ್ಟು ತಾನೇ ಹುಡುಗಿಯರ ಮನೆಗಳಿಗೆ ಹೊರಟಳು, ನಾನೂ ಸೆರಗು ಹಿಡಿದು ಹೋದೆ. ನನ್ನ ಜೊತೆ ಕೂಡುವ ಸಿದ್ದಮ್ಮನ ತಾಯಿ ಗಡಿಗೆ ಬಡಿಯುತ್ತ ಕುಳಿತಿದ್ದಳು. ಅವ್ವ ಹೆಣ್ಣುಮಕ್ಕಳು ದಿನಾ ಸಾಲೆಗೆ ಬರಬೇಕು, ಒಂದು ದಿನ ತಪ್ಪಿದರೂ ಕಲಿತದ್ದು ಹೋಗುತ್ತದೆ ಎಂದು ಹೇಳಿದಳು. ಆಕೆ ಪೂರ್ತಿ ಕೇಳಿ, ಕೈಯ ಮಣ್ಣು ಒರೆಸಿಕೊಂಡಳು.

"ಸಿಟ್ಟಿಗೇಳಬ್ಯಾಡ್ರಿ, ಅಕ್ಕಾರ. ಶುಕ್ರವಾರ ಹೆಣ್ಣ ಹುಡುಗಿ ಮನ್ಯಾಗ ಇದ್ರ ಲಕ್ಷ್ಮಿ ನಿಂದರ್ತಾಳಂತ, ನಿಮ್ಮನ್ನ ನೋಡೇ ನಾವು ಕಲ್ತೇವಿ. ಓದಿದವ್ರ ಮನ್ಯಾಗ ಸುಮ್ನ ಮಾಡ್ತಾರೇನು? ನಿಮ್ಮ ಶರಣಿ ಬಂದ ದಿನ ನಮ್ಮ ಸಿದ್ದೀನೂ ಬರ್ತಾಳ."

ಬರುವಾಗ ಅವ್ವ ಓಣಿಯ ಏರಿನಲ್ಲಿ ನಡುವೆಯೇ ನಿಂತು, ಯಾರದೋ ಕಟ್ಟೆಯ ಮೇಲೆ ಕುಳಿತಳು. ಬೇರೆಯವರ ಕಟ್ಟೆಯ ಮೇಲೆ ಅವಳು ಕುಳಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕಾಲ ನೋಯ್ತಾವೇನವ್ವಾ?"

"ಎಲ್ಲಾ ನೋಯ್ತೈತಿ, ತಂಗಿ."

ಆ ಸಂಜೆ ಅವ್ವ ಅಜ್ಜಿಯ ಮುಂದೆ ಕುಳಿತು ಹೇಳಿದಳು. ದನಿ ಎತ್ತಲಿಲ್ಲ.

"ಅತ್ತಿ, ಈ ಶುಕ್ರವಾರ ಶರಣಿ ಸಾಲಿಗೆ ಬರ್ಬೇಕು. ಆಕಿ ಬಂದ್ರ ಉಳದ ಹುಡುಗ್ಯಾರು ಬರ್ತಾರ. ಬರ್ಲಿಲ್ಲಂದ್ರ ನನ್ನ ನೌಕರಿ ಉಳ್ಯಂಗಿಲ್ಲ."

"ಹೊಸ್ತಿಲಕ್ಕ ಯಾರು?"

"ನನಗ ಗೊತ್ತಿಲ್ರಿ."

ಅಷ್ಟೇ. ಶುಕ್ರವಾರ ಬರುವವರೆಗೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನು ಮಾತ್ರ ಪ್ರತಿದಿನ ಪಾಟಿಯನ್ನು ತೊಳೆದು ಇಡುತ್ತಿದ್ದೆ. ಆ ಒಂದು ಶುಕ್ರವಾರ ಸಿಕ್ಕರೆ ಮುಂದಿನವೂ ಸಿಗುತ್ತವೆ, ಅದು ಹೋದರೆ ಅವ್ವನ ನೌಕರಿಯ ಜೊತೆಗೆ ನನ್ನ ಸಾಲೆಯೂ ಹೋಗುತ್ತದೆ ಎಂದು ನನಗೆ ತಿಳಿದಿತ್ತು. ಅವ್ವ ಮನೆಯಲ್ಲಿ ಕುಳಿತರೆ ಅಜ್ಜಿ ನನ್ನನ್ನು ಇನ್ನು ಯಾವ ದಿನವೂ ಕಳಿಸುವವಳಲ್ಲ.

ಶುಕ್ರವಾರ ಬೆಳಿಗ್ಗೆ ಬಿಸಿಲು ಗೋಡೆ ಇಳಿದು ನೆಲಕ್ಕೆ ಬಂತು. ಅವ್ವ ಸೀರೆ ಬದಲಿಸಿದ್ದಳು, ನನ್ನ ಜಡೆ ಹಾಕಿದ್ದಳು. ಅರಿಷಿಣದ ಬಟ್ಟಲು, ಕುಂಕುಮದ ಭರಣಿ ಹೊಸ್ತಿಲ ಪಕ್ಕ ಇದ್ದವು. ಹೊಸ್ತಿಲು ಒಣಗಿಯೇ ಇತ್ತು. ಬಾಗಿಲ ಆಚೆ ಹುಸೇನಬಿ ನನ್ನನ್ನು ಕರೆದುಕೊಂಡು ಹೋಗಲು ಬಂದು ನಿಂತಿದ್ದಳು. ಬಿಸಿಲು ಬೀಸುಕಲ್ಲಿನ ಹತ್ತಿರ ಬರುತ್ತಿತ್ತು, ಯಾರೂ ಅಲುಗಾಡುತ್ತಿರಲಿಲ್ಲ. ಆಗ ಅಪ್ಪ ಎದ್ದರು. ಶೇರ್ವಾನಿಯ ಗುಂಡಿ ಬಿಚ್ಚಿ, ತೆಗೆದು ಗೂಟಕ್ಕೆ ಹಾಕಿ, ಅಂಗಿಯ ತೋಳು ಮಡಚಿಕೊಂಡು ಹೊಸ್ತಿಲ ಹತ್ತಿರ ಕುಳಿತು ಅರಿಷಿಣದ ಬಟ್ಟಲು ಕೈಗೆ ತೆಗೆದುಕೊಂಡರು. ಓಣಿಯಲ್ಲಿ ನೀರಿಗೆ ಹೊರಟ ಹೆಂಗಸರು ಕೊಡ ಹಿಡಿದು ನಿಂತರು.

"ಕೆಳಗ ಇಡು ಅದನ್ನ," ಎಂದಳು ಅಜ್ಜಿ. "ಕಚೇರಿಗೆ ಹೋಗೂ ಗಂಡಸ ನೀ. ಮಂದಿ ನೋಡಾಕತ್ತಾರ."

"ಯಾವ ಕಚೇರಿ, ಯವ್ವಾ?"

ಅಪ್ಪ ಅದನ್ನು ಬಹಳ ಮೆತ್ತಗೆ ಕೇಳಿದರು. ಕೆಲಸ ಹೋಗಿದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಜ್ಜಿ ಸ್ವಲ್ಪ ಹೊತ್ತು ಮಗನ ಮಡಚಿದ ತೋಳುಗಳನ್ನು ನೋಡಿದಳು. ಆಮೇಲೆ ಬಸೂನನ್ನು ನೆಲಕ್ಕೆ ಇಳಿಸಿ ಎದ್ದು ಬಂದು, ಬಟ್ಟಲನ್ನು ಅವರ ಕೈಯಿಂದ ಕಿತ್ತುಕೊಂಡಳು. ನೀರು ಹಾಕಿ ಹೊಸ್ತಿಲು ತೊಳೆದಳು. ಅರಿಷಿಣ ಬಳಿದಳು. ಕುಂಕುಮದ ಭರಣಿಯ ಮುಂದೆ ಅವಳ ಕೈ ನಿಂತಿತು, ಸೆರಗಿನ ಕಡೆ ಹೋಯಿತು, ಮತ್ತೆ ತಿರುಗಿ ಬಂತು. ಬರಿಗೈಯಲ್ಲಿ ಮುಚ್ಚಳ ತೆಗೆದು, ಬೆರಳು ಅದ್ದಿ, ತೊಲೆಯ ಮೇಲೆ ಒತ್ತಿದಳು. ಬಹಳ ವರ್ಷ ಬಿಟ್ಟ ಕೈ, ಬೊಟ್ಟುಗಳು ಒಂದು ಮೇಲೆ ಒಂದು ಕೆಳಗೆ ಆದವು. ಕೊಡ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಹೊರಟು ಹೋದರು.

"ನಾ ಹೆಂಗೂ ಹೊರಗ ಹೋಗಾಕಿ ಅಲ್ಲ," ಎಂದಳು ಅಜ್ಜಿ, ಯಾರ ಕಡೆಗೂ ನೋಡದೆ. "ದಾಟ್ರಿ ಇಬ್ರೂ. ಹಸೀ ಐತಿ, ತುಳೀಬ್ಯಾಡ್ರಿ."

ನನ್ನ ಓದಿಗಾಗಿ ಅಜ್ಜಿ ಕುಂಕುಮ ಮುಟ್ಟಿದಳು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ನಿಜವಲ್ಲ. ಮಗ ಓಣಿಯ ಮುಂದೆ ಹೆಂಗಸರ ಕೆಲಸ ಮಾಡಬಾರದೆಂದು ಮುಟ್ಟಿದಳು. ನನಗೆ ಅದರಿಂದ ಬೇಸರವಿಲ್ಲ. ಯಾರಿಗಾಗಿ ಮಾಡಿದರೂ ಹೊಸ್ತಿಲು ತೆರೆದದ್ದು ನನಗೇ. ಅವ್ವ ಅಜ್ಜಿಗೆ ಏನಾದರೂ ಹೇಳುತ್ತಾಳೆಂದುಕೊಂಡೆ. ಆದರೆ ಅವಳಿಗೆ ಹೊತ್ತಾಗಿತ್ತು, ಸೀರೆ ಎತ್ತಿ ಹಿಡಿದು ದಾಟಿ ಸಾಲೆಯ ಕಡೆ ಓಡಿದಳು. ನಾನು ಅಷ್ಟು ಎತ್ತರ ಕಾಲು ಎತ್ತಲಾರದೆ ನಿಂತಾಗ ಅಪ್ಪ ನನ್ನ ಎರಡು ರಟ್ಟೆ ಹಿಡಿದು ಎತ್ತಿ ಆಚೆ ಇಳಿಸಿದರು.

ಹುಸೇನಬಿ ನನ್ನನ್ನು ಸೀದಾ ಸಾಲೆಗೆ ಕರೆದೊಯ್ಯಲಿಲ್ಲ. ಕೈ ಹಿಡಿದು ಕುಂಬಾರ ಓಣಿ, ಬಾವಿ ಓಣಿ ಎಲ್ಲ ತಿರುಗಿಸಿದಳು. ಒಂದೊಂದು ಬಾಗಿಲಲ್ಲೂ ನನ್ನನ್ನು ಮುಂದೆ ನೂಕಿ "ಬಂದಾಳ ನೋಡ್ರಿ ಅಕ್ಕಾರ ಮಗಳು, ಈಗೇನಂತೀರಿ" ಎಂದಳು. ಸಂತೆಯಲ್ಲಿ ಆಡಿನ ಮರಿ ತೋರಿಸಿದ ಹಾಗೆ ತೋರಿಸಿದಳು. ಸಿದ್ದಮ್ಮನ ತಾಯಿ ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಳಗೆ ಹೋಗಿ ಮಗಳನ್ನು ಕಳಿಸಿದಳು. ನಾವು ಸಾಲೆಯ ಮೆಟ್ಟಿಲು ಹತ್ತುವಾಗ ನನ್ನ ಹಿಂದೆ ಒಂದು ಹಿಂಡೇ ಇತ್ತು.

ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕುರ್ಚಿಯ ಮೇಲೆ ಕುಳಿತಾಗಿತ್ತು. ಅವ್ವ ಪಕ್ಕದಲ್ಲಿ ನಿಂತಿದ್ದಳು. ನಾವು ಸದ್ದಿಲ್ಲದೆ ಒಳಗೆ ಹೋಗಿ ಚಾಪೆ ತುಂಬ ಕುಳಿತೆವು. ಅವಳು ತಲೆ ಎತ್ತಿ ನೋಡಲಿಲ್ಲ. ಹಾಜರಿ ಪುಸ್ತಕ ಬಿಡಿಸಿ ಹೆಸರು ಕೂಗತೊಡಗಿದಳು. 'ಹಾಜರ್ ರಿ', 'ಹಾಜರ್ ರಿ' ಎಂದು ಒಂದೊಂದೇ ದನಿ ಏಳುತ್ತಿತ್ತು. ಶಾಂತಮ್ಮನ ಹೆಸರಾದ ಮೇಲೆ ನನ್ನದು, ನನ್ನದಾದ ಮೇಲೆ ಸಿದ್ದಮ್ಮನದು.

"ಶಾಂತಮ್ಮ."

"ಹಾಜರ್ ರಿ."

"ಸಿದ್ದಮ್ಮ."

ಅಷ್ಟು ಶುಕ್ರವಾರ ನನ್ನ ಹೆಸರನ್ನು ಕೂಗದೆ ಮುಂದೆ ಹೋಗಿ ಹೋಗಿ ಅವಳಿಗೆ ಅದೇ ರೂಢಿಯಾಗಿತ್ತು. ಸಿದ್ದಮ್ಮ ಉತ್ತರ ಕೊಡಲಿಲ್ಲ, ನನ್ನನ್ನು ನೋಡಿದಳು. ಶಾಂತಮ್ಮನೂ ನೋಡಿದಳು. ಸಾಹೇಬರು ಕೈಯಲ್ಲಿನ ಕಾಗದ ಇಳಿಸಿದರು. ಅವ್ವ ಪುಸ್ತಕದಿಂದ ಕಣ್ಣು ಕೀಳದೆ ಮತ್ತೊಮ್ಮೆ ಕೂಗಿದಳು.

"ಸಿದ್ದಮ್ಮ."

ನಾನು ಎದ್ದು ನಿಂತೆ. ಅಕ್ಕಾರೆ ಎನ್ನಬೇಕೆಂಬುದು ಮರೆತೇ ಹೋಗಿತ್ತು.

"ಅವ್ವಾ, ನಾ ಬಂದೀನಿ."

ಯಾರೂ ನಗಲಿಲ್ಲ. ಅವ್ವ ಆಗ ತಲೆ ಎತ್ತಿ ತುಂಬಿದ ಚಾಪೆಯನ್ನು ನೋಡಿದಳು, ಆಮೇಲೆ ನನ್ನನ್ನು. ಈ ಸಲ ಹಲಗೆಯ ಕಡೆ ತಿರುಗಲಿಲ್ಲ. ಮನೆಯಲ್ಲಿ ಯಾರೂ ಕರೆಯದ ನನ್ನ ಪೂರ್ತಿ ಹೆಸರನ್ನು ಕರೆದಳು.

"ಶರಣಮ್ಮ."

"ಹಾಜರ್ ರಿ, ಅಕ್ಕಾರೆ."

ನಾನು ಕುಳಿತೆ. ಸಿದ್ದಮ್ಮನ ಹೆಸರನ್ನು ಅವಳು ಇನ್ನೊಮ್ಮೆ ಕೂಗಬೇಕಿತ್ತು. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಸಿದ್ದಮ್ಮ ತಾನೇ ಎದ್ದು ಹಾಜರ್ ಎಂದಳು.